ವೀಸಾಗೆ ಬಿಸಿನೆಸ್ ಪ್ಲಾನ್: ಬರೆಯೋದು ಏಳನೇ ಕೆಲಸ, ಮೊದಲನೇದಲ್ಲ

ನಾನು ವೀಸಾ ಏಜೆಂಟೂ ಅಲ್ಲ, ಲಾಯರೂ ಅಲ್ಲ. ಕೊಡಗಿನ ಗೋಣಿಕೊಪ್ಪದಲ್ಲಿ ತೋಟದವರ ಲೆಕ್ಕಪತ್ರ ನೋಡ್ಕೊಂಡು, ಬ್ಯಾಂಕ್ ಸಾಲಕ್ಕೆ ಪ್ರಾಜೆಕ್ಟ್ ರಿಪೋರ್ಟ್ ಮಾಡ್ಕೊಡೋನು. ಈಗೀಗ ಹೋಂಸ್ಟೇ ನಡೆಸೋರು, ಕಾಫಿಪುಡಿ ಪ್ಯಾಕ್ ಮಾಡಿ ಮಾರೋರು, ಮಕ್ಕಳು ಆಗ್ಲೇ ಹೊರದೇಶದಲ್ಲಿ ಇರೋರು ಎಲ್ಲಾ ಎಂಟರ್‌ಪ್ರೆನರ್ ವೀಸಾ, ಇನ್ವೆಸ್ಟರ್ ವೀಸಾ ಅಂತ ಫೈಲ್ ಹಿಡ್ಕೊಂಡು ಬರ್ತಾರೆ, ಅದ್ರಲ್ಲಿ ಸುಮಾರು ಫೈಲು ಒಂದ್ಸಲ ರಿಜೆಕ್ಟ್ ಆಗಿ ವಾಪಸ್ ಬಂದಿದ್ದು. ಬಿಚ್ಚಿ ನೋಡಿದ್ರೆ ತಪ್ಪು ಹೆಚ್ಚುಕಮ್ಮಿ ಒಂದೇ. ಮೊದಲ ವಾರಾನೇ ಯಾರ ಹತ್ರಾನೋ ನಲವತ್ತು ಪೇಜ್ ಪ್ಲಾನ್ ಬರೆಸಿಬಿಟ್ಟಿದಾರೆ, ಯಾವ ವೀಸಾ, ದುಡ್ಡು ಎಲ್ಲಿಂದ, ಯಾವ ದಾರೀಲಿ ಹೋಗತ್ತೆ ಅನ್ನೋದನ್ನೆಲ್ಲ ಆಮೇಲೆ ಹುಡುಕಿದಾರೆ.

ಬ್ಯಾಂಕಿನ ಪ್ರಾಜೆಕ್ಟ್ ರಿಪೋರ್ಟ್ ಬೇರೆ, ಇದು ಬೇರೆ. ಮ್ಯಾನೇಜರ್‌ಗೆ ಬೇಕಾಗಿರೋದು ಕಂತು ಕಟ್ತೀರಾ, ಅಡಮಾನ ಏನಿದೆ ಅಷ್ಟೆ. ವೀಸಾ ಆಫೀಸರ್ ನೋಡೋದು ಮೂರು: ಈ ಮನುಷ್ಯ ಹೇಳ್ತಿರೋದು ನಿಜಾನಾ, ಈ ಬಿಸಿನೆಸ್‌ಗೆ ಇವರೇ ಬೇಕಾ, ನಮ್ಮ ದೇಶಕ್ಕೆ ಇದ್ರಿಂದ ಏನು ಲಾಭ. ಪ್ಲಾನಲ್ಲಿರೋ ಒಂದೊಂದು ಸಾಲನ್ನೂ ಅವರು ಬೇರೆ ಯಾವ್ದಾದ್ರೂ ಕಾಗದದ ಪಕ್ಕ ಇಟ್ಟು ನೋಡ್ತಾರೆ. ಅದಕ್ಕೇ ಕಾಗದ ಮೊದಲು, ಬರವಣಿಗೆ ಆಮೇಲೆ.

ಶುರು ಮಾಡೋಕೆ ಮುಂಚೆ ಇವಿಷ್ಟು ಇರ್ಲಿ

ಒಂದು ಲ್ಯಾಪ್‌ಟಾಪ್, ಎಕ್ಸೆಲ್ ತರದ್ದು ಒಂದು ಸ್ಪ್ರೆಡ್‌ಶೀಟ್, ನೆಟ್ಟಗಿರೋ ಸ್ಕ್ಯಾನರ್ (ಮೊಬೈಲಲ್ಲಿ ತೆಗೆದ ಓರೆ ಫೋಟೋ ಬೇಡ), ಎಲ್ಲಾ ಅಕೌಂಟಿನ ಬ್ಯಾಂಕ್ ಸ್ಟೇಟ್‌ಮೆಂಟ್, ಇನ್‌ಕಮ್ ಟ್ಯಾಕ್ಸ್ ರಿಟರ್ನ್, ಆರ್‌ಟಿಸಿ, ಮ್ಯುಟೇಶನ್ (ಖಾತೆ ಬದಲಾವಣೆ), ಇಸಿ (ಜಾಗದ ಮೇಲೆ ಋಣ ಇದೆಯಾ ತೋರಿಸೋ ಪತ್ರ), ಕಾಫಿ ಮೆಣಸು ಮಾರಿದ ಬಿಲ್ಲು. ಜೊತೆಗೆ ನಿಮ್ಮ ತೋಟದ ಲೆಕ್ಕ ನಿಜವಾಗ್ಲೂ ಗೊತ್ತಿರೋ ಒಬ್ಬ ಸಿಎ. ಟೈಮ್ ಅಂದ್ರೆ ಕನಿಷ್ಠ ಆರು ತಿಂಗಳು ಇಟ್ಕೊಳ್ಳಿ. ಕಕ್ಕಡದ (ಜುಲೈ-ಆಗಸ್ಟ್) ಮಳೇಲಿ ತೋಟದ ಕೆಲಸ ಕಮ್ಮಿ ಇರತ್ತಲ್ಲ, ಕಾಗದ ಒಟ್ಟು ಮಾಡೋಕೆ ಅದೇ ಒಳ್ಳೇ ಟೈಮು. ಕಾಫಿ ಕುಯ್ಯೋ ಟೈಮಲ್ಲಿ ಶುರು ಮಾಡಿದೋರು ಯಾರೂ ಸರಿಯಾಗಿ ಮುಗಿಸಿದ್ದು ನಾನು ನೋಡಿಲ್ಲ.

ಹಂತ 1: ಯಾವ ವೀಸಾ ಅಂತ ಗಟ್ಟಿ ಮಾಡ್ಕೊಳ್ಳಿ

ಒಂದೇ ಪ್ಲಾನ್ ಎಲ್ಲಾ ದೇಶಕ್ಕೂ ನಡೆಯಲ್ಲ. ಬರೀ ಹೆಸರು ಬದಲಾಯಿಸಿ ಕಳಿಸೋದೇ ಮೊದಲನೇ ತಪ್ಪು.

ಅಮೆರಿಕದ ಇ-2 ಅನ್ನೋ ಇನ್ವೆಸ್ಟರ್ ವೀಸಾ ಬಗ್ಗೆ ಯೂಟ್ಯೂಬಲ್ಲಿ ನೋಡಿ ಬರೋರು ಜಾಸ್ತಿ. ಅದು ಅಮೆರಿಕದ ಜೊತೆ ಒಪ್ಪಂದ ಇರೋ ದೇಶದ ಪ್ರಜೆಗಳಿಗೆ ಮಾತ್ರ, ಆ ಪಟ್ಟೀಲಿ ಭಾರತ ಇಲ್ಲ. ಭಾರತದ ಪಾಸ್‌ಪೋರ್ಟ್ ಮೇಲೆ ಇ-2 ಮಾಡಿಸ್ತೀನಿ ಅಂತ ಯಾರಾದ್ರೂ ಅಡ್ವಾನ್ಸ್ ಕೇಳಿದ್ರೆ ಅಲ್ಲಿಗೇ ಮಾತು ಮುಗಿಸಿ.

ಅಮೆರಿಕಕ್ಕೆ ನಮ್ಮೋರಿಗೆ ಇರೋ ದಾರಿ ಅಂದ್ರೆ ಮುಖ್ಯವಾಗಿ ಎರಡು. ಒಂದು ಇಬಿ-5, ಬಂಡವಾಳ ಹಾಕಿ ಗ್ರೀನ್ ಕಾರ್ಡ್ ತಗೊಳ್ಳೋದು. ಅದ್ರಲ್ಲಿ ಹಳ್ಳಿ ಕಡೆ ಅಥವಾ ನಿರುದ್ಯೋಗ ಜಾಸ್ತಿ ಇರೋ ಜಾಗದಲ್ಲಾದ್ರೆ 8 ಲಕ್ಷ ಡಾಲರ್, ಬೇರೆ ಕಡೆ 10.5 ಲಕ್ಷ ಡಾಲರ್ ಹಾಕ್ಬೇಕು, ಜೊತೆಗೆ 10 ಜನಕ್ಕೆ ಫುಲ್ ಟೈಮ್ ಕೆಲಸ ಹುಟ್ಟಬೇಕು. 2022ರ ಕಾನೂನಿನ ಮೊತ್ತ ಇದು, 2027ರ ಜನವರಿ 1ರಿಂದ ಹಣದುಬ್ಬರದ ಲೆಕ್ಕದಲ್ಲಿ ಬದಲಾಗ್ಬೇಕು ಅಂತ ಆ ಕಾನೂನಲ್ಲೇ ಇದೆ. ರೀಜನಲ್ ಸೆಂಟರ್ (ಹಲವರ ಬಂಡವಾಳ ಒಟ್ಟು ಮಾಡಿ ಪ್ರಾಜೆಕ್ಟಿಗೆ ಹಾಕೋ, ಅಲ್ಲಿನ ಸರ್ಕಾರ ಒಪ್ಪಿರೋ ಸಂಸ್ಥೆ) ಮೂಲಕ ಹಾಕಿದ್ರೆ ಪ್ಲಾನ್ ಆ ಪ್ರಾಜೆಕ್ಟಿನವರದ್ದು, ನೀವು ಓದಿ ಅರ್ಥ ಮಾಡ್ಕೊಂಡ್ರೆ ಸಾಕು. ನೀವೇ ಸ್ವಂತ ಬಿಸಿನೆಸ್ ಹಾಕಿದ್ರೆ ಪ್ಲಾನ್ ಪೂರ್ತಿ ನಿಮ್ಮ ತಲೆ ಮೇಲೆ. ಇನ್ನೊಂದು ಎಲ್-1ಎ, ಇಲ್ಲಿನ ಕಂಪನಿಯ ಹೊಸ ಆಫೀಸ್ ಅಲ್ಲಿ ತೆಗೆದು ಮ್ಯಾನೇಜರ್ ಆಗಿ ಹೋಗೋದು. ಹಿಂದಿನ 3 ವರ್ಷದಲ್ಲಿ ಸತತ 1 ವರ್ಷ ನೀವು ಇಲ್ಲಿನ ಕಂಪನೀಲಿ ಕೆಲಸ ಮಾಡಿರ್ಬೇಕು, ಎರಡೂ ಕಂಪನಿಗೆ ಮಾಲೀಕತ್ವದ ನಂಟು ಕಾಗದದಲ್ಲಿ ಇರ್ಬೇಕು, ಅಲ್ಲಿ ಜಾಗ ಗೊತ್ತು ಮಾಡಿರ್ಬೇಕು. ಮೊದಲು ಸಿಗೋದು 1 ವರ್ಷ ಅಷ್ಟೆ. ಮತ್ತೆ ನೀವು ಆ ಕಡೆ ಹೋದ್ಮೇಲೂ ಇಲ್ಲಿನ ವ್ಯವಹಾರ ನಡೀತಾನೇ ಇರ್ಬೇಕು.

ಬ್ರಿಟನ್ನಿನ ಇನ್ನೋವೇಟರ್ ಫೌಂಡರ್ ವೀಸಾ 2023ರ ಏಪ್ರಿಲ್‌ನಿಂದ ಇದೆ. ಹಿಂದೆ ಇದ್ದ 50,000 ಪೌಂಡ್ ಬಂಡವಾಳದ ಷರತ್ತು ಈಗ ಇಲ್ಲ ಅಂದ ತಕ್ಷಣ ಎಲ್ರೂ ಖುಷಿಯಾಗ್ತಾರೆ, ಆದ್ರೆ ಅದಕ್ಕಿಂತ ಕಷ್ಟದ್ದು ಬೇರೆ ಇದೆ. ಸರ್ಕಾರ ಒಪ್ಪಿರೋ ಎಂಡಾರ್ಸಿಂಗ್ ಸಂಸ್ಥೆ ನಿಮ್ಮ ಐಡಿಯಾ ಹೊಸದು, ನಡೆಯೋವಂಥದ್ದು, ಬೆಳೆಯೋವಂಥದ್ದು ಅಂತ ಪತ್ರ ಕೊಡ್ಬೇಕು. ಲಂಡನ್ನಲ್ಲಿ ಕೂರ್ಗ್ ಕಾಫಿ ಕೆಫೆ ಅನ್ನೋದು ನಮಗೆ ಹೊಸದು, ಅವರಿಗಲ್ಲ. ಕೆಫೆಗೆ ಮರದ ಕುರ್ಚಿ ಹಾಕಿ, ಗೋಡೆಗೆ ಪೀಚೆಕತ್ತಿ (ಕೊಡವರ ಕಿರುಕತ್ತಿ) ನೇತಾಕಿದ್ರೆ ಇನ್ನೋವೇಶನ್ ಆಗಲ್ಲ ಅಂತ ನಾನು ಎಷ್ಟು ಜನಕ್ಕೆ ಹೇಳಿದೀನೋ.

ಜರ್ಮನೀಲಿ ಸ್ವಂತ ಉದ್ಯೋಗದ ಪರ್ಮಿಟ್‌ಗೆ ಆ ಊರಿಗೆ ನಿಮ್ಮ ಬಿಸಿನೆಸ್ ಬೇಕಾ, ಬಂಡವಾಳ ಕೈಲಿದೆಯಾ ನೋಡ್ತಾರೆ, 45 ದಾಟಿದೋರು ವಯಸ್ಸಾದ ಮೇಲಿನ ಜೀವನಕ್ಕೂ ಏರ್ಪಾಡು ತೋರಿಸ್ಬೇಕು. ನೆದರ್ಲೆಂಡ್ಸ್ ಸ್ಟಾರ್ಟಪ್ ವೀಸಾಗೆ ಅಲ್ಲಿನ ಮಾನ್ಯತೆ ಇರೋ ಫೆಸಿಲಿಟೇಟರ್ (ಹೊಸ ಬಿಸಿನೆಸ್ಸಿಗೆ ಮಾರ್ಗದರ್ಶನ ಕೊಡೋರು) ಜೊತೆ ಒಪ್ಪಂದ ಬೇಕು. ಆಸ್ಟ್ರೇಲಿಯಾದ 188 ಅನ್ನೋ ಬಿಸಿನೆಸ್ ವೀಸಾ 2024ರಲ್ಲೇ ಹೊಸ ಅರ್ಜಿಗೆ ಬಾಗಿಲು ಹಾಕಿದೆ, ಇನ್ನೂ ಅದರ ಹೆಸರಲ್ಲಿ ದುಡ್ಡು ಕೇಳೋರಿದ್ದಾರೆ, ಹುಷಾರು.

ಈ ಹಂತದಲ್ಲಿ ಮಾಡ್ಬೇಕಾಗಿರೋದು ಇಷ್ಟೆ: ಆ ದೇಶದ ಸರ್ಕಾರಿ ವೆಬ್‌ಸೈಟಿಂದ ಆ ವೀಸಾದ ಷರತ್ತುಗಳನ್ನ ಅವತ್ತಿನ ತಾರೀಖು ಹಾಕಿ ಪ್ರಿಂಟ್ ತಗೊಳ್ಳಿ. ಒಂದೊಂದು ಷರತ್ತಿನ ಎದುರಿಗೆ, ನನ್ನ ಹತ್ರ ಇದಕ್ಕೆ ಯಾವ ಕಾಗದ ಇದೆ ಅಂತ ಪೆನ್ಸಿಲಲ್ಲಿ ಬರೀರಿ. ಮುಂದೆ ಬರೆಯೋ ಪ್ಲಾನಿಗೆ ಅಸ್ಥಿಪಂಜರ ಅದೇ.

ಹಂತ 2: ದುಡ್ಡಿನ ಜಾಡು ಹಿಡೀರಿ

ಕೊಡಗಿನ ಫೈಲು ಜಾಸ್ತಿ ಬೀಳೋದು ಇಲ್ಲೇ. ಐಡಿಯಾ ಚೆನ್ನಾಗಿರತ್ತೆ, ದುಡ್ಡೂ ಇರತ್ತೆ, ಆದ್ರೆ ಆ ದುಡ್ಡು ಎಲ್ಲಿಂದ ಬಂತು ಅಂತ ಹೊರಗಿನೋರಿಗೆ ಅರ್ಥ ಆಗೋ ಹಂಗೆ ಕಾಗದ ಇರಲ್ಲ.

ಮೊದಲು ರಿಟರ್ನ್ ನೋಡಿ. ಕೃಷಿ ಆದಾಯ ವರ್ಷಕ್ಕೆ 5,000 ದಾಟಿದ್ರೆ ಐಟಿಆರ್-1 (ಸಂಬಳ, ಬಡ್ಡಿ ತರದ ಆದಾಯದೋರ ಸರಳ ರಿಟರ್ನ್ ಫಾರ್ಮ್) ಹಾಕೋ ಹಂಗಿಲ್ಲ, ಆದ್ರೆ ನಮ್ಮಲ್ಲಿ ಎಷ್ಟೋ ಜನ ಬ್ಯಾಂಕ್ ಬಡ್ಡಿ ಮಾತ್ರ ತೋರಿಸಿ ಅದನ್ನೇ ಹಾಕಿರ್ತಾರೆ, ತೋಟದ ಆದಾಯದ ಸುದ್ದೀನೇ ಇರಲ್ಲ. ಆಮೇಲೆ ಪ್ಲಾನಲ್ಲಿ ವರ್ಷಕ್ಕೆ 60 ಲಕ್ಷ ಕಾಫಿ ಆದಾಯ ಅಂತ ಬರೀತಾರೆ. ಆಫೀಸರ್ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದ್ರೆ ಏನಂದ್ಕೋಬೇಕು? ಇನ್ನೊಂದು ವಿಷಯ, ಕಾಫಿ ಆದಾಯ ಪೂರ್ತಿ ಟ್ಯಾಕ್ಸ್ ಫ್ರೀ ಅಂತ ತಿಳ್ಕೊಂಡಿರೋರು ಇದಾರೆ. ಬೆಳೆದು ನೀವೇ ಕ್ಯೂರಿಂಗ್ (ಸಿಪ್ಪೆ ತೆಗೆದು ಬೀಜ ಹಸನು) ಮಾಡಿ ಮಾರಿದ್ರೆ 25%, ಹುರಿದು ಪುಡಿ ಮಾಡಿ ಮಾರಿದ್ರೆ 40% ಬಿಸಿನೆಸ್ ಆದಾಯ ಅಂತ ಲೆಕ್ಕ. ಹಳೇ ರಿಟರ್ನ್ ಸರಿ ಮಾಡೋಕೆ ಆಗತ್ತಾ ಅಂತ ಸಿಎ ಹತ್ರ ಈಗ್ಲೇ ಕೂತು ಮಾತಾಡಿ, ಅಪ್ಲಿಕೇಶನ್ ಹಾಕೋ ಹಿಂದಿನ ವಾರ ಅಲ್ಲ. ಇಬಿ-5ಗೆ 7 ವರ್ಷದ ಟ್ಯಾಕ್ಸ್ ದಾಖಲೆ ಕೇಳ್ತಾರೆ ಅನ್ನೋದು ನೆನಪಿರ್ಲಿ.

ಎರಡನೇದು ಜಾಗ. ಜಮ್ಮಾ ಜಾಗದ (ಕೊಡಗಲ್ಲಿ ವಂಶಪಾರಂಪರ್ಯವಾಗಿ ಬಂದಿರೋ ಕುಟುಂಬದ ಜಾಗ) ಆರ್‌ಟಿಸಿ ತೆಗೆದ್ರೆ ಪಟ್ಟೆದಾರರ (ಕುಟುಂಬದ ಹಿರಿಯರ) ಹೆಸರು, ಜೊತೆಗೆ ಒಕ್ಕದ (ಒಂದೇ ಮನೆತನದ) ಹತ್ತು ಹದಿನೈದು ಜನರ ಹೆಸರು. ಅದ್ರಲ್ಲಿ ತೀರಿಹೋದೋರ ಹೆಸರೂ ಇರತ್ತೆ. ಇದು ನನ್ನ ತೋಟ, ನನ್ನ ದುಡ್ಡು ಅಂತ ನೀವು ಪ್ಲಾನಲ್ಲಿ ಬರೆದ್ರೆ, ಒಕ್ಕ ಅಂದ್ರೆ ಏನು ಅಂತಾನೇ ಗೊತ್ತಿಲ್ಲದ ಆಫೀಸರ್‌ಗೆ ಹದಿನೈದು ಜನರ ಆಸ್ತೀಲಿ ನೀವೊಬ್ರೇ ದುಡ್ಡು ಎತ್ಕೊಂಡ ಹಾಗೆ ಕಾಣತ್ತೆ. ಅದಕ್ಕೆ ಅರ್ಧ ಪೇಜಲ್ಲಿ ಒಕ್ಕದ ಜಾಗದ ಪದ್ಧತಿ ಸರಳವಾಗಿ ವಿವರಿಸಿ, ನಿಮ್ಮ ಪಾಲು ಎಷ್ಟು ಅನ್ನೋದಕ್ಕೆ ಪಾಲುಪಟ್ಟಿ ಇದ್ರೆ ಇಡಿ, ಇಲ್ಲಾಂದ್ರೆ ಮನೆಯವರ ನೋಟರಿ ಮಾಡಿದ ಹೇಳಿಕೆ ಇಡಿ. ಕನ್ನಡದ ಕಾಗದಕ್ಕೆಲ್ಲ ಸರ್ಟಿಫೈಡ್ ಇಂಗ್ಲಿಷ್ ಅನುವಾದ ಬೇಕೇಬೇಕು.

ಜಾಗ ಮಾರಿದ ದುಡ್ಡಾದ್ರೆ ಸೇಲ್ ಡೀಡಲ್ಲಿ ಇರೋ ಮೊತ್ತ ಮಾತ್ರ ನಿಮ್ಮದು ಅಂತ ತಿಳ್ಕೊಳ್ಳಿ. ಮೇಲಿಂದ ಕೈಗೆ ಬಂದ ಕ್ಯಾಶನ್ನ ಪ್ಲಾನಿಗೆ ತರೋಕೆ ದಾರಿ ಇಲ್ಲ. ಜಾಗದ ವ್ಯವಹಾರದಲ್ಲಿ 20,000 ಅಥವಾ ಅದಕ್ಕಿಂತ ಜಾಸ್ತಿ ಕ್ಯಾಶ್ ತಗೊಳ್ಳೋದೇ ತಪ್ಪು. ಗ್ರಾಮೀಣ ಕೃಷಿ ಜಮೀನು ಮಾರಿದ್ರೆ ಕ್ಯಾಪಿಟಲ್ ಗೇನ್ಸ್ ಟ್ಯಾಕ್ಸ್ ಬರಲ್ಲ, ಹಾಗಾಗಿ ಇಷ್ಟು ದೊಡ್ಡ ಮೊತ್ತಕ್ಕೆ ಟ್ಯಾಕ್ಸ್ ಯಾಕೆ ಕಟ್ಟಿಲ್ಲ ಅನ್ನೋ ಪ್ರಶ್ನೆ ಬಂದೇ ಬರತ್ತೆ. ಸಿಎ ಹತ್ರ ಒಂದು ಪೇಜ್ ವಿವರಣೆ ಬರೆಸಿ ಮೊದಲೇ ಇಡಿ.

ಇನ್ನು ನಮ್ಮ ಅಕೌಂಟಿನ ಸ್ವಭಾವ. ಎಂಟು ತಿಂಗಳು ಖಾಲಿ, ಫೆಬ್ರವರಿಯಿಂದ ಏಪ್ರಿಲ್ ತನಕ ಒಂದೇ ಸಲ ರಾಶಿ. ನಮಗೆ ಅದು ಸಹಜ, ರೋಬಸ್ಟಾ ಚೆರಿ ಮಾರಿದ ದುಡ್ಡು. ಅವರಿಗೆ ಮಾತ್ರ ಯಾರೋ ವೀಸಾಗೋಸ್ಕರ ತಂದು ಹಾಕಿದ ಹಾಗೆ ಕಾಣತ್ತೆ. ಮೂರು ವರ್ಷದ ಸ್ಟೇಟ್‌ಮೆಂಟ್ ಇಟ್ಟು, ಒಂದೊಂದು ದೊಡ್ಡ ಜಮಾ ಎದುರಿಗೂ ಬಿಲ್ ನಂಬರ್, ಎಷ್ಟು ಮೂಟೆ, 50 ಕೆಜಿಗೆ ಏನು ರೇಟು ಅಂತ ಒಂದು ಪಟ್ಟಿ ಮಾಡಿ. ಮೂರೂ ವರ್ಷ ಅದೇ ತಿಂಗಳಲ್ಲಿ ಅದೇ ತರ ಬಂದಿದ್ರೆ ಅನುಮಾನ ತಾನಾಗೇ ಹೋಗತ್ತೆ. ಮೆಣಸು ಬಿಲ್ಲಿಲ್ದೆ ಕ್ಯಾಶಿಗೆ ಕೊಟ್ಟಿದ್ರೆ ಆ ದುಡ್ಡನ್ನ ಈ ಲೆಕ್ಕದಿಂದ ಬಿಟ್ಟುಬಿಡಿ.

ಕ್ರಾಪ್ ಲೋನ್ ಎತ್ತಿ ಬಂಡವಾಳ ಅಂತ ತೋರಿಸೋದು ಬೇಡವೇ ಬೇಡ. ಬೆಳೆಗೆ ಕೊಟ್ಟ ಸಾಲ ಅದು, ಜೊತೆಗೆ ಹೊರದೇಶದಲ್ಲಿ ಬಂಡವಾಳ ಹಾಕೋಕೆ ಎಲ್‌ಆರ್‌ಎಸ್ (ಇಲ್ಲಿನೋರು ಹೊರದೇಶಕ್ಕೆ ದುಡ್ಡು ಕಳಿಸೋಕೆ ರಿಸರ್ವ್ ಬ್ಯಾಂಕ್ ಮಾಡಿರೋ ಸ್ಕೀಮು) ದಾರೀಲಿ ಕಳಿಸೋ ದುಡ್ಡಿಗೆ ಬ್ಯಾಂಕು ಸಾಲ ಕೊಡ್ಬಾರ್ದು ಅಂತ ರಿಸರ್ವ್ ಬ್ಯಾಂಕ್ ನಿಯಮಾನೇ ಇದೆ. ಅಪ್ಪ ಅಮ್ಮ ಅಥವಾ ಅಣ್ಣ ಕೊಟ್ಟ ದುಡ್ಡಾದ್ರೆ ಗಿಫ್ಟ್ ಡೀಡ್, ಅವರ ಸ್ಟೇಟ್‌ಮೆಂಟ್, ಅವರಿಗೆ ಆ ದುಡ್ಡು ಎಲ್ಲಿಂದ ಬಂತು ಅನ್ನೋದು, ಮೂರೂ ಬೇಕು. ಸಿಎ ಕೊಡೋ ನೆಟ್‌ವರ್ತ್ ಸರ್ಟಿಫಿಕೇಟಲ್ಲಿ ಯುಡಿಐಎನ್ ನಂಬರ್ (ಆ ಸರ್ಟಿಫಿಕೇಟ್ ಅಸಲಿನಾ ಅಂತ ಆನ್‌ಲೈನಲ್ಲಿ ನೋಡೋ ನಂಬರ್) ಇದೆಯಾ ನೋಡ್ಕೊಳ್ಳಿ, ಇಲ್ಲಾಂದ್ರೆ ಅದಕ್ಕೆ ಬೆಲೆ ಇಲ್ಲ.

ಹಂತ 3: ದುಡ್ಡು ಹೋಗೋ ದಾರಿ

ಒಬ್ಬರು ಒಂದು ಹಣಕಾಸು ವರ್ಷಕ್ಕೆ ಎಲ್‌ಆರ್‌ಎಸ್‌ನಲ್ಲಿ ಕಳಿಸ್ಬಹುದಾಗಿರೋದು 2.5 ಲಕ್ಷ ಡಾಲರ್. ಜೂನಲ್ಲಿ 8 ಲಕ್ಷ ಡಾಲರ್ ಒಟ್ಟಿಗೆ ಹಾಕ್ತೀನಿ ಅಂತ ಪ್ಲಾನಲ್ಲಿ ಬರೆದ್ರೆ ಅದು ಆಗದ ಮಾತು. ಗಂಡ ಹೆಂಡತಿ ಇಬ್ರೂ ಮಾರ್ಚಲ್ಲಿ ತಲಾ 2.5 ಲಕ್ಷ, ಏಪ್ರಿಲಲ್ಲಿ ಹೊಸ ವರ್ಷದ ಲೆಕ್ಕಕ್ಕೆ ತಲಾ 2.5 ಲಕ್ಷ ಕಳಿಸಿದ್ರೆ 10 ಲಕ್ಷ ಡಾಲರ್ ಆಗತ್ತೆ. ಕಾಫಿ ದುಡ್ಡು ಬರೋದೂ ಅದೇ ಟೈಮಿಗೆ, ಅದೊಂದು ಅನುಕೂಲ. ಹೆಂಡತಿ ಹೆಸರಲ್ಲಿ ಹೋಗೋದಕ್ಕೂ ಗಿಫ್ಟಿನ ಕಾಗದ ಇರ್ಲಿ.

ಎಲ್ರೂ ಮರೆಯೋದು ಟಿಸಿಎಸ್, ಅಂದ್ರೆ ದುಡ್ಡು ಕಳಿಸೋವಾಗ್ಲೇ ಬ್ಯಾಂಕು ವಸೂಲಿ ಮಾಡೋ ಟ್ಯಾಕ್ಸ್. ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ, ಬಂಡವಾಳ ಹಾಕೋಕೆ ಕಳಿಸೋದಾದ್ರೆ 20% ಬ್ಯಾಂಕು ಹಿಡ್ಕೊಳ್ಳತ್ತೆ. 1 ಕೋಟಿ ಕಳಿಸಿದ್ರೆ 90 ಲಕ್ಷದ ಮೇಲೆ 18 ಲಕ್ಷ. ರಿಟರ್ನ್ ಹಾಕಿದ್ಮೇಲೆ ಅದು ಟ್ಯಾಕ್ಸಿಗೆ ವಜಾ ಆಗತ್ತೆ ಇಲ್ಲಾ ರಿಫಂಡ್ ಬರತ್ತೆ, ಆದ್ರೆ ಅಲ್ಲಿ ತನಕ ಆ 18 ಲಕ್ಷ ನಿಮ್ಮ ಕೈಲಿ ಇರಲ್ಲ, ಅದನ್ನ ಪ್ಲಾನಿನ ದುಡ್ಡಿನ ಲೆಕ್ಕದಲ್ಲಿ ಬೇರೆ ಇಟ್ಕೊಂಡಿರ್ಬೇಕು.

ಅಲ್ಲಿ ಸ್ವಂತ ಕಂಪನಿ ಶೇರಿಗೆ ದುಡ್ಡು ಹಾಕೋದಾದ್ರೆ ಅದು ಓವರ್‌ಸೀಸ್ ಡೈರೆಕ್ಟ್ ಇನ್ವೆಸ್ಟ್‌ಮೆಂಟ್. ಬ್ಯಾಂಕ್ ಮೂಲಕ ಫಾರ್ಮ್ ಎಫ್‌ಸಿ ಕೊಟ್ಟು ಯುಐಎನ್ ನಂಬರ್ (ಆ ಬಂಡವಾಳಕ್ಕೆ ರಿಸರ್ವ್ ಬ್ಯಾಂಕಿನ ಗುರುತಿನ ನಂಬರ್) ತಗೋಬೇಕು. ಸಣ್ಣ ಬ್ರಾಂಚಲ್ಲಿ ಇದು ಗೊತ್ತಿರಲ್ಲ, ಮೈಸೂರು ಅಥವಾ ಬೆಂಗಳೂರಿನ ಫಾರೆಕ್ಸ್ ಬ್ರಾಂಚ್ ಜೊತೆ ಮೊದಲೇ ಮಾತಾಡಿ. ನೆಂಟರ ಅಕೌಂಟಿಗೆ ಖರ್ಚಿಗೆ ಅಂತ ಕಳಿಸಿ ಅಲ್ಲಿಂದ ಕಂಪನಿಗೆ ಹಾಕ್ಸಿದೋರು ಒಬ್ರಿದ್ರು, ಜಾಡು ಅಲ್ಲೇ ಕಡಿದುಹೋಯ್ತು, ಫೈಲೂ ಹೋಯ್ತು.

ಹಂತ 4: ಅಲ್ಲಿನ ಮಾರ್ಕೆಟ್, ಜಾಗ, ಲೈಸೆನ್ಸ್

ಜಗತ್ತಲ್ಲಿ ಇಷ್ಟು ಕೋಟಿ ಜನ ಕಾಫಿ ಕುಡೀತಾರೆ ಅನ್ನೋ ಪ್ಯಾರಾ ಹರಿದು ಬಿಸಾಕಿ. ನೀವು ಹೋಗ್ತಿರೋ ಊರು ಯಾವ್ದು, ಅಲ್ಲಿ ಇದೇ ಕೆಲಸ ಮಾಡ್ತಿರೋರು ಯಾರು, ಅವರ ರೇಟೇನು, ಅವರಿಗಿಂತ ನಿಮ್ಮದು ಯಾಕೆ ಬೇರೆ. ಐದಾರು ಜನರ ಹೆಸರು, ಬೆಲೆ ಸಮೇತ ಟೇಬಲ್ ಮಾಡಿ. ನಮ್ಮೋರಿಗೆ ಇರೋ ಒಂದು ಗಟ್ಟಿ ವಿಷಯ ಅಂದ್ರೆ ಕೂರ್ಗ್ ಅರಾಬಿಕಾಗೆ 2019ರಲ್ಲಿ ಸಿಕ್ಕ ಜಿಐ ಟ್ಯಾಗ್ (ಆ ಊರಿನ ಬೆಳೆ ಅನ್ನೋ ಸರ್ಕಾರಿ ಗುರುತು), ಆದ್ರೆ ನಿಮ್ಮದು ರೋಬಸ್ಟಾ ತೋಟ ಆಗಿದ್ರೆ ಆ ಹೆಸರು ಎತ್ಬೇಡಿ, ಹಾಗೆ ಎತ್ತಿದೋರನ್ನೂ ನೋಡಿದೀನಿ.

ಲೈಸೆನ್ಸ್ ಪಟ್ಟಿ ಮಾಡಿ, ಯಾವ ಆಫೀಸು, ಎಷ್ಟು ಫೀಸು, ಎಷ್ಟು ದಿನ. ಮಳಿಗೆ ಲೀಸ್ ಕರಾರಲ್ಲಿ ವೀಸಾ ಸಿಗದಿದ್ರೆ ಕರಾರು ರದ್ದು ಅನ್ನೋ ಷರತ್ತು ಹಾಕಿಸಿ. ಮೆಷಿನ್‌ಗೆ ಕೊಟೇಶನ್ ತಗೊಳ್ಳಿ. ಖರೀದಿ ಮಾಡ್ತೀವಿ ಅನ್ನೋರ ಹತ್ರ ಎಷ್ಟು ಕೆಜಿ, ಯಾವ ರೇಟು ಅಂತ ಇರೋ ಪತ್ರ ತಗೊಳ್ಳಿ, ಬರೀ ಶುಭಾಶಯದ ಪತ್ರಕ್ಕೆ ಬೆಲೆ ಇಲ್ಲ.

ಹಂತ 5: ಲೆಕ್ಕ

ಮೊದಲ 12 ತಿಂಗಳು ತಿಂಗಳ ಲೆಕ್ಕ, ಆಮೇಲೆ 3ರಿಂದ 5 ವರ್ಷದ ಲೆಕ್ಕ. ಆದಾಯ, ಖರ್ಚು, ಕೈಲಿರೋ ಕ್ಯಾಶ್ ಮೂರೂ ಬೇರೆಬೇರೆ ಶೀಟು. ಇನ್ನೊಂದು ಶೀಟಲ್ಲಿ ನೀವು ಅಂದ್ಕೊಂಡಿರೋ ಅಂದಾಜುಗಳು ಮಾತ್ರ: ವಿನಿಮಯ ದರ ಇಷ್ಟು, ಕೆಜಿಗೆ ಇಷ್ಟು, ಬಾಡಿಗೆ ಇಷ್ಟು, ಪಕ್ಕದಲ್ಲೇ ಅದು ಎಲ್ಲಿಂದ ಬಂತು ಅನ್ನೋದು. ವಿನಿಮಯ ದರ ಒಂದೇ ಕಡೆ ಇರ್ಲಿ, ಪ್ಲಾನಿಡೀ ಅದೇ ಬರ್ಲಿ.

ಬೆಳವಣಿಗೆ ಪ್ರತಿ ವರ್ಷ 20% ಅಂತ ಹಾಕೋದು ಲೆಕ್ಕ ಅಲ್ಲ. ಕೆಳಗಿಂದ ಕಟ್ಕೊಂಡು ಬನ್ನಿ. ಒಂದು ಫೈಲಲ್ಲಿ ತಿಂಗಳಿಗೆ 3,000 ಕೆಜಿ ಹುರಿದ ಕಾಫಿ ಮಾರ್ತೀವಿ ಅಂತ ಬರೆದಿದ್ರು, ಮೆಷಿನ್ ಕೊಟೇಶನ್ ನೋಡಿದ್ರೆ 1 ಕೆಜಿಯ ರೋಸ್ಟರ್. ಹುರಿದಾಗ ಸುಮಾರು 15% ತೂಕ ಕಮ್ಮಿಯಾಗತ್ತೆ, ಅಂದ್ರೆ ಒಂದು ಸಲಕ್ಕೆ 850 ಗ್ರಾಂ. 3,000 ಕೆಜಿಗೆ 3,500ಕ್ಕೂ ಜಾಸ್ತಿ ಸಲ ಹುರೀಬೇಕು, ಗಂಟೆಗೆ ನಾಲ್ಕು ಸಲ ಅಂದ್ರೂ 880 ಗಂಟೆ ಆಗತ್ತೆ, 30 ದಿನದ ತಿಂಗಳಲ್ಲಿ ಇರೋದೇ 720 ಗಂಟೆ. ರಾತ್ರಿ ಹಗಲು ಹುರಿದ್ರೂ ಆಗಲ್ಲ! ಆ ಫೈಲ್ ಬರೆದುಕೊಟ್ಟೋರು ದುಡ್ಡು ಮಾತ್ರ ಸರಿಯಾಗಿ ಎಣಿಸಿ ತಗೊಂಡಿದ್ರು.

ಬ್ರೇಕ್ ಈವನ್ ತೋರಿಸಿ. ಉದಾಹರಣೆಗೆ ತಿಂಗಳ ಖಾಯಂ ಖರ್ಚು 9,000 ಪೌಂಡ್, ಕೆಜಿಗೆ ಉಳಿಯೋದು 9 ಪೌಂಡ್ ಅಂದ್ರೆ 1,000 ಕೆಜಿ ಮಾರಿದ್ರೆ ಸಮ. ಯಾವ ತಿಂಗಳಲ್ಲಿ 1,000 ದಾಟ್ತೀರಾ, ಅಲ್ಲಿ ತನಕ ಆಗೋ ನಷ್ಟ ತಡ್ಕೊಳ್ಳೋಕೆ ದುಡ್ಡಿದೆಯಾ? ಮೊದಲ ತಿಂಗಳಿಂದಾನೇ ಲಾಭ ತೋರಿಸಿದ್ರೆ ಯಾರೂ ನಂಬಲ್ಲ. ಮಾರಾಟ ಅರ್ಧ ಆದ್ರೆ ಏನಾಗತ್ತೆ ಅನ್ನೋ ಲೆಕ್ಕಾನೂ ಇಡಿ, ಮಳೆ ಕೈಕೊಟ್ಟ ವರ್ಷ ನೋಡಿರೋ ನಮಗೆ ಅದೇನು ಕಷ್ಟ ಅಲ್ಲ. ನಿಮ್ಮ ಮನೆ ಖರ್ಚು ಬಿಸಿನೆಸ್ ದುಡ್ಡಿಂದ ಬೇರೆ ಇರ್ಬೇಕು. ಬ್ರಿಟನ್ ವೀಸಾಗೆ 1,270 ಪೌಂಡ್ 28 ದಿನ ಸತತ ಅಕೌಂಟಲ್ಲಿ ಇರ್ಬೇಕು ಅನ್ನೋದು ಬಂಡವಾಳದ ಮೇಲೆ ಇನ್ನೊಂದು.

ಹಂತ 6: ಜನ

ಯಾರನ್ನ, ಯಾವ ತಿಂಗಳಲ್ಲಿ, ಏನು ಕೆಲಸಕ್ಕೆ, ಎಷ್ಟು ಸಂಬಳಕ್ಕೆ. ಅಲ್ಲಿನ ಕನಿಷ್ಠ ಕೂಲಿಗಿಂತ ಕಮ್ಮಿ ಹಾಕ್ಬೇಡಿ. ಲೈನ್‌ಮನೆ (ತೋಟದ ಕೆಲಸದೋರ ಸಾಲುಮನೆ) ಕೊಟ್ಟು ಕೂಲಿ ಕೊಡೋ ನಮ್ಮ ಲೆಕ್ಕ ಅಲ್ಲಿ ನಡೆಯಲ್ಲ. ಇಬಿ-5ರ ಹತ್ತು ಜನರಲ್ಲಿ ನಿಮ್ಮ ಹೆಂಡತಿ ಮಕ್ಕಳು ಲೆಕ್ಕಕ್ಕಿಲ್ಲ, ವಾರಕ್ಕೆ 35 ಗಂಟೆಗಿಂತ ಕಮ್ಮಿ ಇರೋದೂ ಫುಲ್ ಟೈಮ್ ಅಲ್ಲ. ಎಲ್-1ಎಲಿ ಕಾಫಿ ಹುರಿಯೋದೂ ನೀವೇ, ಬಿಲ್ ಹಾಕೋದೂ ನೀವೇ ಅಂದ್ರೆ ಮ್ಯಾನೇಜರ್ ಹೇಗಾಗ್ತೀರಾ ಅಂತ ಕೇಳ್ತಾರೆ.

ಹಂತ 7: ಈಗ ಬರೀರಿ

ಇಲ್ಲಿ ತನಕ ಸರಿಯಾಗಿ ಬಂದಿದ್ರೆ ಬರೆಯೋದು ಎರಡು ವಾರದ ಕೆಲಸ. ಅಮೆರಿಕಕ್ಕಾದ್ರೆ 1998ರ ಮ್ಯಾಟರ್ ಆಫ್ ಹೋ ತೀರ್ಪಲ್ಲಿ ಪ್ಲಾನ್ ಹೇಗಿರ್ಬೇಕು ಅಂತ ಪಟ್ಟೀನೇ ಇದೆ: ಬಿಸಿನೆಸ್ ವಿವರ, ಮಾರ್ಕೆಟ್, ಪೈಪೋಟಿ, ಪರ್ಮಿಟ್ಟು, ಮಾರಾಟದ ದಾರಿ, ಯಾರ ಕೆಳಗೆ ಯಾರು, ಯಾವಾಗ ನೇಮಕ, ಆದಾಯದ ಅಂದಾಜು ಮತ್ತು ಅದರ ಆಧಾರ. ಎಲ್ಲಕ್ಕಿಂತ ಮುಖ್ಯ ನಂಬೋ ಹಂಗಿರ್ಬೇಕು ಅಂತ. ಬೇರೆ ದೇಶಕ್ಕೂ ಇದೇ ಕ್ರಮ ಇಟ್ಕೊಂಡ್ರೆ ತಪ್ಪಿಲ್ಲ, ಆ ದೇಶದ ಷರತ್ತು ಮಾತ್ರ ಹಂತ 1ರ ಪ್ರಿಂಟ್ ನೋಡಿ ಸೇರಿಸಿ.

ಎರಡು ಪೇಜಿನ ಸಾರಾಂಶ ಕೊನೇಲಿ ಬರೆದು ಮುಂದೆ ಇಡಿ. ಇಂಗ್ಲಿಷ್ ಬರಲ್ಲ ಅಂತ ಪೂರ್ತಿ ಬೇರೆಯವರಿಗೆ ಬಿಡ್ಬೇಡಿ, ಕನ್ನಡದಲ್ಲೇ ನಿಮ್ಮ ಮಾತಲ್ಲಿ ಬರೀರಿ, ಅನುವಾದ ಮಾಡಿಸ್ಕೊಳ್ಳಿ. ಬ್ರಿಟನ್ನಿನ ನಿಯಮದಲ್ಲಂತೂ ಐಡಿಯಾ ನಿಮ್ಮದೇ ಆಗಿರ್ಬೇಕು ಇಲ್ಲಾ ಅದ್ರಲ್ಲಿ ನಿಮ್ಮ ಪಾಲು ದೊಡ್ಡದಿರ್ಬೇಕು. ಗೂಗಲಲ್ಲಿ ಸಿಕ್ಕ ಟೆಂಪ್ಲೇಟಲ್ಲಿ ಯಾವುದೋ ಪಿಜ್ಜಾ ಅಂಗಡಿ ಹೆಸರು ಹಾಗೇ ಉಳ್ಕೊಂಡಿದ್ದ ಪ್ಲಾನನ್ನ ನಾನೇ ಕೈಲಿ ಹಿಡಿದಿದೀನಿ.

ಹಂತ 8: ತಾಳೆ

ಪ್ಲಾನ್ ಪ್ರಿಂಟ್ ತೆಗೆದು, ಒಂದೊಂದು ಅಂಕಿ, ತಾರೀಖು, ಹೆಸರಿಗೂ ಕೆಂಪು ಪೆನ್ನಲ್ಲಿ ಸುತ್ತು ಹಾಕಿ. ಪ್ರತಿ ಸುತ್ತಿಗೂ ಒಂದು ಕಾಗದ ಇರ್ಬೇಕು, ಅದರ ನಂಬರ್ ಪಕ್ಕದಲ್ಲಿ ಬರೀರಿ. ಕಾಗದ ಇಲ್ಲದ ಸುತ್ತು ಸಿಕ್ಕಿದ್ರೆ ಒಂದಾ ಕಾಗದ ತನ್ನಿ, ಇಲ್ಲಾ ಆ ಸಾಲು ತೆಗೀರಿ. ಮನೆ ಹೆಸರಿನ ತೊಂದರೆ ನಮ್ಮಲ್ಲಿ ಜಾಸ್ತಿ: ಪಾಸ್‌ಪೋರ್ಟಲ್ಲಿ ಮನೆ ಹೆಸರು ಕೊನೇಲಿ, ಆರ್‌ಟಿಸಿಲಿ ಮೊದಲಲ್ಲಿ, ಬ್ಯಾಂಕಲ್ಲಿ ಬರೀ ಇನಿಶಿಯಲ್. ಮೂರೂ ಒಬ್ಬರೇ ಅಂತ ಅಫಿಡವಿಟ್ ಮಾಡಿಸಿ.

ಇಲ್ಲದ ಬಿಲ್ಲು ಹುಟ್ಟಿಸೋಕೆ ಹೋಗ್ಬೇಡಿ. ಬ್ರಿಟನ್ನಲ್ಲಿ ಮೋಸ ಅಂತ ಸಾಬೀತಾದ್ರೆ 10 ವರ್ಷ ಬಾಗಿಲು ಬಂದ್, ಅಮೆರಿಕದಲ್ಲಿ ಜೀವನಪೂರ್ತಿ ತೊಂದರೆ. ಸಲಹೆ ಕೊಡೋರು ಬ್ರಿಟನ್ ಕೇಸಿಗಾದ್ರೆ ಸಾಲಿಸಿಟರ್ ಅಥವಾ ಇಮಿಗ್ರೇಶನ್ ಅಡ್ವೈಸ್ ಅಥಾರಿಟೀಲಿ ನೋಂದಣಿ ಆಗಿರೋರಾ, ಅಮೆರಿಕಕ್ಕಾದ್ರೆ ಅಲ್ಲಿನ ಲೈಸೆನ್ಸ್ ಇರೋ ಅಟಾರ್ನಿನಾ ನೋಡಿ. ವೀಸಾ ಗ್ಯಾರಂಟಿ ಅನ್ನೋರ ಹತ್ರ ಕಾಫಿ ಕುಡಿದು ಎದ್ದು ಬನ್ನಿ.

ಹಂತ 9: ಇಂಟರ್ವ್ಯೂ, ಆಮೇಲಿನ ಕತೆ

ಪ್ಲಾನ್ ಮುಚ್ಚಿಟ್ಟು ಮನೆಯವರ ಎದುರು ಕೂತು ಹೇಳಿ ನೋಡಿ: ಎಷ್ಟು ದುಡ್ಡು, ಯಾವುದಕ್ಕೆ ಎಷ್ಟು, ಮೊದಲ ಗಿರಾಕಿ ಯಾರು, ಆರನೇ ತಿಂಗಳಲ್ಲಿ ಎಷ್ಟು ಜನ ಕೆಲಸಕ್ಕೆ, ನೀವಿಲ್ಲದಾಗ ಇಲ್ಲಿ ತೋಟ ನೋಡ್ಕೊಳ್ಳೋದು ಯಾರು. ಕೊನೇ ಪ್ರಶ್ನೆಗೆ ರೈಟರ್ ಇದಾರೆ ಅಂದ್ರೆ ಸಾಲ್ದು, ಅವರಿಗೆ ಎಸ್ಟೇಟ್ ರೈಟರ್ ಅಂದ್ರೆ ಕತೆ ಬರೆಯೋನು, ಎಸ್ಟೇಟ್ ಸೂಪರ್‌ವೈಸರ್ ಅಂತ ಬಿಡಿಸಿ ಹೇಳಿ.

ವೀಸಾ ಸಿಕ್ಕ ಮೇಲೂ ಪ್ಲಾನ್ ಬೀರುಗೆ ಹಾಕ್ಬೇಡಿ. ಬ್ರಿಟನ್ನಲ್ಲಿ 12 ಮತ್ತು 24ನೇ ತಿಂಗಳಿಗೆ ಎಂಡಾರ್ಸಿಂಗ್ ಸಂಸ್ಥೆ ಕರೆದು ಬರೆದಿದ್ದರಲ್ಲಿ ಎಷ್ಟು ಮಾಡಿದೀರಾ ಕೇಳತ್ತೆ, ಒಂದೊಂದು ಮೀಟಿಂಗಿಗೆ 500 ಪೌಂಡ್ ಫೀಸು ಬೇರೆ. ಎಲ್-1ಎ ವರ್ಷ ಮುಗಿದು ಮುಂದುವರಿಸೋವಾಗ, ಇಬಿ-5ರ ಷರತ್ತು ತೆಗೆಸೋವಾಗ್ಲೂ ಅದೇ ಪ್ಲಾನ್ ಮೇಜಿನ ಮೇಲೆ ಬರತ್ತೆ. ದಾರಿ ಬದಲಾಯಿಸ್ಬೇಕಾಗಿ ಬಂದ್ರೆ ಯಾಕೆ ಅಂತ ಅವತ್ತೇ ತಾರೀಖು ಹಾಕಿ ಬರೆದಿಡಿ. ಇಲ್ಲಿ ರಿಸರ್ವ್ ಬ್ಯಾಂಕಿಗೆ ಪ್ರತಿ ವರ್ಷ ಡಿಸೆಂಬರ್ 31ರ ಒಳಗೆ ಬ್ಯಾಂಕ್ ಮೂಲಕ ಎಪಿಆರ್ ಅನ್ನೋ, ಹೊರದೇಶದ ಕಂಪನಿ ಹೇಗೆ ನಡೀತಿದೆ ಅನ್ನೋ ವಾರ್ಷಿಕ ವರದಿ ಕೊಡೋದಿರತ್ತೆ, ಅದು ಸರಿಯಾಗಿ ಕಾಫಿ ಕುಯ್ಲಿನ ನಡುವೆ ಬರತ್ತೆ, ಹಾಗಾಗಿ ಪುತ್ತರಿ (ನಮ್ಮ ಸುಗ್ಗಿ ಹಬ್ಬ) ಮುಗಿದ ಮಾರನೇ ದಿನಾನೇ ಸಿಎಗೆ ಫೋನ್ ಮಾಡಿ.